‘ಇಂಪೋರ್ಟ್’ ಅಂತ ಕೂಗಿದಾಗ ಓಗೊಡುವವರು ಯಾರು?

2025ರ ಅಕ್ಟೋಬರ್ ಕೊನೆಯ ವಾರ ಅಮೆರಿಕದ ಒಂದು ಪುಟ್ಟ ಸಂಸ್ಥೆ 15 ಲಕ್ಷ ಡಾಲರ್, ಅಂದರೆ ಸುಮಾರು 13 ಕೋಟಿ ರೂಪಾಯಿಯ ಸರ್ಕಾರಿ ಅನುದಾನವನ್ನು ಬೇಡ ಅಂದುಬಿಟ್ಟಿತು. ಸಂಸ್ಥೆಯ ಹೆಸರು ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್. ವರ್ಷದ ಬಜೆಟ್ ಸುಮಾರು 50 ಲಕ್ಷ ಡಾಲರ್, ಸಿಬ್ಬಂದಿ 14 ಮಂದಿ. ಬೆಂಗಳೂರಿನ ಒಂದು ಸಾಧಾರಣ ಸ್ಟಾರ್ಟಪ್ ಕೂಡ ಇದಕ್ಕಿಂತ ದೊಡ್ಡದಿರುತ್ತೆ. ಅಂಥ ಸಂಸ್ಥೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿ, ತಿಂಗಳುಗಟ್ಟಲೆ ಪರಿಶೀಲನೆ ದಾಟಿ, ಅನುದಾನಕ್ಕೆ ಶಿಫಾರಸು ಪಡೆದಿತ್ತು. ಅದರ ಇತಿಹಾಸದಲ್ಲೇ ಅತಿ ದೊಡ್ಡ ಮೊತ್ತ ಅದು. ಆಮೇಲೆ ಷರತ್ತುಗಳ ಪತ್ರ ಕೈಗೆ ಬಂತು.

ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆ, ಅಂದರೆ ಅಲ್ಲಿನವರು ‘ಡಿಇಐ’ ಅನ್ನುವುದನ್ನು ಉತ್ತೇಜಿಸುವ ಕಾರ್ಯಕ್ರಮಗಳನ್ನು ನಡೆಸುತ್ತಿಲ್ಲ, ಅನುದಾನದ ಅವಧಿಯಲ್ಲಿ ನಡೆಸುವುದೂ ಇಲ್ಲ ಅಂತ ಒಪ್ಪಿಕೊಳ್ಳಬೇಕಿತ್ತು. ಅನುದಾನದ ದುಡ್ಡಿನಲ್ಲಿ ಮಾಡುವ ಕೆಲಸಕ್ಕೆ ಮಾತ್ರ ಈ ಷರತ್ತು ಅನ್ವಯಿಸಿದ್ದರೆ ಬೇರೆ ಮಾತು. ಅದು ಸಂಸ್ಥೆಯ ಎಲ್ಲ ಚಟುವಟಿಕೆಗೂ ಅನ್ವಯ. ಮುರಿದರೆ, ಖರ್ಚಾಗಿ ಹೋದ ದುಡ್ಡನ್ನೂ ವಾಪಸ್ ಕೇಳಬಹುದು. ಜಗತ್ತಿನ ನಾನಾ ಕಡೆಯ, ನಾನಾ ಬಗೆಯ ಜನರ ಪ್ರೋಗ್ರಾಮರ್ ಸಮುದಾಯವನ್ನು ಬೆಳೆಸುವುದೇ ತನ್ನ ಧ್ಯೇಯ ಅಂತ ಬರೆದುಕೊಂಡಿರುವ ಸಂಸ್ಥೆಗೆ ಇದು ಆಗುವ ಮಾತಲ್ಲ. ಆಡಳಿತ ಮಂಡಳಿ ಸರ್ವಾನುಮತದಿಂದ ಅರ್ಜಿ ವಾಪಸ್ ಪಡೆಯಿತು.

ಸುದ್ದಿ ಬಂದಾಗ ಎಲ್ಲರೂ ಇದನ್ನು ಟ್ರಂಪ್ ಆಡಳಿತದ ಸಾಂಸ್ಕೃತಿಕ ಯುದ್ಧದ ಇನ್ನೊಂದು ಅಧ್ಯಾಯ ಅಂತ ಓದಿದರು. ಓದಿದ್ದು ತಪ್ಪೇನಲ್ಲ. ಆದರೆ ಆ ದುಡ್ಡು ಯಾತಕ್ಕೆ ಬೇಕಿತ್ತು ಅನ್ನೋ ಪ್ರಶ್ನೆ ಅರ್ಧ ಸಾಲಿನಲ್ಲಿ ಮುಗಿದುಹೋಯ್ತು. ಪೈಥಾನ್ ಬಳಸುವವರು ಹೊರಗಿನ ಕೋಡ್ ತರಿಸಿಕೊಳ್ಳುವ ಸಾರ್ವಜನಿಕ ಭಂಡಾರ ಒಂದಿದೆ. ಹೆಸರು ಪೈಪಿಐ. ಅಲ್ಲಿಗೆ ಯಾರೋ ವಿಷ ಬೆರೆಸಿದ ಕೋಡ್ ಹಾಕಿದರೆ, ಈಗಿರುವ ವ್ಯವಸ್ಥೆಯಲ್ಲಿ ಹೆಚ್ಚಿನಂಶ ಯಾರಾದರೂ ನೋಡಿ ದೂರು ಕೊಟ್ಟ ಮೇಲೆಯೇ ತೆಗೆಯುವುದು. ಬಂದ ಪ್ರತಿಯೊಂದು ಪ್ಯಾಕೇಜನ್ನೂ ಬರುವಾಗಲೇ ತಾನಾಗಿ ಪರೀಕ್ಷಿಸುವ ಸಾಧನ ಕಟ್ಟೋಣ ಅಂತ ಆ ಯೋಜನೆ ಇತ್ತು. ಅದು ಯಾಕೆ ಇಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಒಂದು ಪ್ರೋಗ್ರಾಮ್ ತನಗೆ ಬೇಕಾದ ಕೋಡನ್ನು ಹೇಗೆ ಹುಡುಕುತ್ತೆ ಅಂತ ನೋಡಬೇಕು. ವಿಟಿಯು ಪಠ್ಯದಲ್ಲಿ, ಸಿಬಿಎಸ್‌ಇ 11-12ನೇ ತರಗತಿಯ ಕಂಪ್ಯೂಟರ್ ಸೈನ್ಸ್‌ನಲ್ಲಿ ಪೈಥಾನ್ ಓದಿದ ಲಕ್ಷಾಂತರ ಮಕ್ಕಳು ದಿನಾ ಬರೆಯುವ ಒಂದು ಸಾಲು ಅದು. ಆ ಸಾಲಿನ ಕೆಳಗೆ ಏನು ನಡೆಯುತ್ತೆ ಅಂತ ಕೇಳುವ ಪದ್ಧತಿ ನಮ್ಮ ಪರೀಕ್ಷೆಗಳಲ್ಲಿ ಕಡಿಮೆ.

ಜಾತ್ರೆಯಲ್ಲಿ ಮಂಜನನ್ನು ಕೂಗಿದಂತೆ

‘ಇಂಪೋರ್ಟ್ ರಾಂಡಮ್’ ಅಂತ ಬರೆದಿರಿ ಅಂತಿಟ್ಟುಕೊಳ್ಳಿ. ಯದ್ವಾತದ್ವಾ ಸಂಖ್ಯೆಗಳನ್ನು ಕೊಡುವ, ಪೈಥಾನ್ ಜೊತೆಗೇ ಬರುವ ಮಾಡ್ಯೂಲ್ ಅದು. ಪೈಥಾನ್ ಮೊದಲು ನೋಡುವುದು, ಈ ಹೆಸರಿನದ್ದನ್ನು ಈಗಾಗಲೇ ಒಮ್ಮೆ ತಂದಿದ್ದೀನಾ ಅಂತ. ತಂದಿದ್ದರೆ ಅದನ್ನೇ ಕೊಡುತ್ತೆ. ಇಲ್ಲದಿದ್ದರೆ ತನ್ನ ಹೊಟ್ಟೆಯೊಳಗೇ ಕಟ್ಟಿಕೊಂಡಿರುವ ಕೆಲವು ಮಾಡ್ಯೂಲ್‌ಗಳಲ್ಲಿ ಇದೆಯಾ ಅಂತ. ಅಲ್ಲೂ ಇಲ್ಲದಿದ್ದರೆ ಒಂದು ಪಟ್ಟಿ ಹಿಡಿದು ಹೊರಡುತ್ತೆ. ‘ಸಿಸ್ ಡಾಟ್ ಪಾತ್’ ಅನ್ನೋ ಆ ಪಟ್ಟಿಯಲ್ಲಿ ಫೋಲ್ಡರ್‌ಗಳ ವಿಳಾಸಗಳಿರುತ್ತವೆ, ಒಂದರ ಕೆಳಗೊಂದು. ಮೇಲಿನಿಂದ ಕೆಳಗೆ ಒಂದೊಂದೇ ಬಾಗಿಲು ತಟ್ಟುತ್ತಾ ಹೋಗುತ್ತೆ. ಆ ಹೆಸರಿನ ಫೈಲ್ ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಹುಡುಕಾಟ ಖತಂ.

ಜಾತ್ರೆಯ ಗದ್ದಲದಲ್ಲಿ ‘ಮಂಜಾ’ ಅಂತ ಕೂಗಿದ ಹಾಗೆ ಇದು. ಮೊದಲು ತಿರುಗಿ ನೋಡಿದ ಮಂಜನೇ ನಿಮ್ಮ ಮಂಜ. ಅವನು ಯಾವ ಊರಿನವನು, ಯಾರ ಮಗ ಅಂತ ಯಾರೂ ಕೇಳಲ್ಲ.

ಸಾಮಾನ್ಯವಾಗಿ ಪಟ್ಟಿಯ ತುದಿಯಲ್ಲಿರುವುದು ನೀವು ಓಡಿಸುತ್ತಿರುವ ಪ್ರೋಗ್ರಾಮ್ ಇರುವ ಫೋಲ್ಡರ್. ಹಾಗಾಗಿಯೇ ಹೊಸದಾಗಿ ಕಲಿಯುವ ಹುಡುಗ ಅಭ್ಯಾಸಕ್ಕೆಂದು ತನ್ನ ಫೈಲಿಗೆ ‘ರಾಂಡಮ್’ ಅಂತಲೇ ಹೆಸರಿಟ್ಟರೆ, ಅಸಲಿ ರಾಂಡಮ್ ಬದಲು ಅವನ ಫೈಲೇ ಎದ್ದು ಬರುತ್ತೆ. ತಲೆಬುಡ ತಿಳಿಯದ ದೋಷ ಸಂದೇಶ ನೋಡುತ್ತಾ ಅರ್ಧ ದಿನ ಕಳೆದವರು ಎಲ್ಲ ಕಾಲೇಜಿನಲ್ಲೂ ಸಿಗುತ್ತಾರೆ. 2024ರಲ್ಲಿ ಬಂದ ಪೈಥಾನ್ 3.13ರಲ್ಲಿ ಈ ಸಂದೇಶವನ್ನು ಸುಧಾರಿಸಿ, ನಿಮ್ಮ ಫೈಲಿನ ಹೆಸರೂ ಮೂಲ ಮಾಡ್ಯೂಲಿನ ಹೆಸರೂ ಒಂದೇ ಆಗಿದೆ, ಬದಲಿಸಿ ನೋಡಿ ಅಂತ ಹೇಳುವ ಹಾಗೆ ಮಾಡಿದರು. ಭಾಷೆ ಹುಟ್ಟಿದ್ದು 1991ರಲ್ಲಿ!

ಹುಡುಗನ ಪಾಲಿಗೆ ಇದು ತಮಾಷೆ. ದೊಡ್ಡ ಸರ್ವರ್‌ಗಳ ಪಾಲಿಗೆ ಅಲ್ಲ. ಪರ್ಲ್ ಅನ್ನೋ ಹಳೆಯ ಭಾಷೆಯಲ್ಲಿ ಈ ಪಟ್ಟಿಯ ಕೊನೆಗೆ ಒಂದು ಚುಕ್ಕಿ ಇರುತ್ತಿತ್ತು. ಚುಕ್ಕಿ ಅಂದರೆ ‘ಈಗ ನಿಂತಿರುವ ಜಾಗ’. ಸರ್ವರ್ ನೋಡಿಕೊಳ್ಳುವವನು ಎಲ್ಲರೂ ಬರೆಯಬಹುದಾದ ಫೋಲ್ಡರಿನಲ್ಲಿ ನಿಂತು ಒಂದು ಪ್ರೋಗ್ರಾಮ್ ಓಡಿಸಿದ, ಅದು ಕೇಳಿದ ಮಾಡ್ಯೂಲ್ ಬೇರೆಲ್ಲೂ ಸಿಗಲಿಲ್ಲ ಅಂದರೆ, ಅಲ್ಲಿ ಇನ್ಯಾರೋ ಆ ಹೆಸರಿನಲ್ಲಿ ಇಟ್ಟುಹೋದ ಫೈಲ್ ಅವನ ಅಧಿಕಾರದೊಂದಿಗೆ ಓಡುತ್ತೆ. 2017ರಲ್ಲಿ ಬಂದ 5.26ನೇ ಆವೃತ್ತಿಯಲ್ಲಿ ಆ ಚುಕ್ಕಿಯನ್ನು ತೆಗೆದುಹಾಕಿದರು. ಒಂದು ಚುಕ್ಕಿ ತೆಗೆಯಲು ಹಿಡಿದ ಕಾಲ ಮೂವತ್ತು ವರ್ಷದ ಹತ್ತಿರ ಹತ್ತಿರ.

ಇಲ್ಲಿ ‘ಓಡುತ್ತೆ’ ಅನ್ನೋ ಪದ ಗಮನಿಸಿ. ಇಂಪೋರ್ಟ್ ಮಾಡುವುದೆಂದರೆ ಗ್ರಂಥಾಲಯದಿಂದ ಪುಸ್ತಕ ತಂದು ಮೇಜಿನ ಮೇಲಿಟ್ಟಂತೆ ಅಲ್ಲ. ಪೈಥಾನ್‌ನಲ್ಲಾಗಲಿ ಜಾವಾಸ್ಕ್ರಿಪ್ಟ್‌ನಲ್ಲಾಗಲಿ ಮಾಡ್ಯೂಲನ್ನು ಲೋಡ್ ಮಾಡಿದ ಕೂಡಲೇ ಅದರೊಳಗಿನ ಕೋಡ್ ಓಡಿಬಿಡುತ್ತೆ. ನಿಮ್ಮ ಪ್ರೋಗ್ರಾಮ್‌ಗೆ ಏನೇನು ಮುಟ್ಟಲು ಅನುಮತಿ ಇದೆಯೋ, ಫೈಲು, ಪಾಸ್‌ವರ್ಡು, ಇಂಟರ್ನೆಟ್ಟು, ಅದೆಲ್ಲವೂ ಬಂದ ಅತಿಥಿಗೂ ಇರುತ್ತೆ. ಇನ್ನು ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡುವ ಹಂತದಲ್ಲೇ ಕೋಡ್ ಓಡಿಸಲು ದಾರಿ ಇದೆ. ಅಂದರೆ ನೀವು ಇಂಪೋರ್ಟ್ ಸಾಲು ಬರೆಯುವ ಮುಂಚೆಯೇ ಕಳ್ಳ ಬಂದು ಹೋಗಿರಬಹುದು.

ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನದ್ದು ಇನ್ನೊಂದು ಬಗೆ. ಬರೀ ಹೆಸರು ಹೇಳಿದರೆ ಮೊದಲು ತನ್ನದೇ ಮೂಲ ಮಾಡ್ಯೂಲ್‌ಗಳಲ್ಲಿ ನೋಡುತ್ತೆ. ಇಲ್ಲದಿದ್ದರೆ ಈಗಿನ ಫೋಲ್ಡರಿನ ‘ನೋಡ್ ಮಾಡ್ಯೂಲ್ಸ್’ ಅನ್ನೋ ಕೋಣೆಗೆ ಹೋಗುತ್ತೆ, ಅಲ್ಲಿಲ್ಲದಿದ್ದರೆ ಮೇಲಿನ ಫೋಲ್ಡರಿನ ಕೋಣೆಗೆ, ಹೀಗೆ ಮಹಡಿ ಹತ್ತುತ್ತಾ ತುತ್ತತುದಿವರೆಗೆ. ಆ ಕೋಣೆಯಲ್ಲಿ ಸಾವಿರಾರು ಪ್ಯಾಕೇಜುಗಳು ತುಂಬಿಕೊಂಡಿರುವುದು ಮಾಮೂಲು, ಯಾಕಂದರೆ ನೀವು ಕರೆದ ಒಬ್ಬ ಅತಿಥಿ ತನ್ನ ಹತ್ತು ಜನ ನೆಂಟರನ್ನು ಕರೆತರುತ್ತಾನೆ, ಅವರು ತಮ್ಮ ನೆಂಟರನ್ನು. ನೋಡ್ ಸೃಷ್ಟಿಸಿದ ರಯಾನ್ ಡಾಲ್ 2018ರಲ್ಲಿ ಬರ್ಲಿನ್‌ನ ಒಂದು ಸಮ್ಮೇಳನದಲ್ಲಿ ನಿಂತು, ನೋಡ್ ಬಗ್ಗೆ ತನಗಿರುವ ಹತ್ತು ವಿಷಾದಗಳ ಪಟ್ಟಿ ಓದಿದರು. ಅದರಲ್ಲಿ ಈ ಕೋಣೆಯೂ ಇತ್ತು.

ಹೆಸರಿನ ಒಡೆಯರು

ಇಲ್ಲಿವರೆಗೆ ಹೇಳಿದ್ದು ನಿಮ್ಮ ಕಂಪ್ಯೂಟರಿನೊಳಗಿನ ಹುಡುಕಾಟ. ಅದಕ್ಕೂ ಮುಂಚೆ ಕೋಡ್ ಎಲ್ಲಿಂದಲೋ ಅಲ್ಲಿಗೆ ಬರಬೇಕಲ್ಲ. ಅದು ಬರುವುದು ಪೈಪಿಐ, ಎನ್‌ಪಿಎಂ ಥರದ ಭಂಡಾರಗಳಿಂದ, ಮತ್ತದೂ ಹೆಸರಿನಿಂದಲೇ. ಮೊದಲು ಬಂದವನಿಗೆ ಮೊದಲ ಹೆಸರು. ವೈಟ್‌ಫೀಲ್ಡಿನ ಕಂಪನಿಯೂ ಹೆಸರು ನೋಂದಾಯಿಸಬಹುದು, ವಿಜಯಪುರದ ಹಾಸ್ಟೆಲಿನಲ್ಲಿ ಕೂತ ವಿದ್ಯಾರ್ಥಿನಿಯೂ ನೋಂದಾಯಿಸಬಹುದು. ಇದರಲ್ಲಿ ಒಂದು ನಿಜವಾದ ಪ್ರಜಾಸತ್ತೆ ಇದೆ, ಅದನ್ನು ಕಡೆಗಣಿಸಬಾರದು. ಯಾವ ಕಚೇರಿಯ ಅನುಮತಿ ಪತ್ರವೂ ಬೇಡ, ಜಾತಿ-ಕಾಲೇಜು-ಇಂಗ್ಲಿಷ್ ಯಾವುದನ್ನೂ ಕೇಳದ ಬಾಗಿಲು. ಆದರೆ ಅದೇ ಬಾಗಿಲಿಂದ ಯಾರು ಬೇಕಾದರೂ ಬರ್ತಾರೆ.

ಸಾಲದ್ದಕ್ಕೆ ಪೈಥಾನ್‌ನಲ್ಲಿ ಇಂಪೋರ್ಟ್ ಮಾಡುವ ಹೆಸರೂ ಭಂಡಾರದಲ್ಲಿನ ಹೆಸರೂ ಒಂದೇ ಇರಬೇಕು ಅಂತಿಲ್ಲ. ಕೋಡಿನಲ್ಲಿ ‘ಯಾಮಲ್’ ಅಂತ ಬರೆಯುತ್ತೀರಿ, ತರಿಸಬೇಕಾದ್ದು ‘ಪೈಯಾಮಲ್’. ಚಿತ್ರಗಳ ಕೆಲಸಕ್ಕೆ ‘ಸಿವಿ2’ ಅಂತ ಬರೆಯುತ್ತೀರಿ, ತರಿಸಬೇಕಾದ್ದು ‘ಓಪನ್‌ಸಿವಿ-ಪೈಥಾನ್’. ಈ ಬಿರುಕಿನಲ್ಲಿ ಕೈ ತಪ್ಪಿ ಒಂದಕ್ಷರ ಹೆಚ್ಚುಕಮ್ಮಿ ಟೈಪ್ ಮಾಡುವವರಿಗಾಗಿ ಬಲೆ ಬೀಸಿ ಕೂರುವುದು ಒಂದು ದಂಧೆಯೇ ಆಗಿದೆ.

ದೊಡ್ಡ ಕಂಪನಿಗಳು ಇದರಿಂದ ಪಾರು ಅಂತ ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದರು. 2021ರ ಫೆಬ್ರವರಿಯಲ್ಲಿ ಅಲೆಕ್ಸ್ ಬಿರ್ಸಾನ್ ಎಂಬ ಭದ್ರತಾ ಸಂಶೋಧಕ ಆ ನಂಬಿಕೆ ಕೆಡವಿದ. ಕಂಪನಿಗಳಿಗೆ ತಮ್ಮದೇ ಖಾಸಗಿ ಪ್ಯಾಕೇಜುಗಳಿರುತ್ತವೆ, ಒಳಗಿನ ಭಂಡಾರದಲ್ಲಿ. ಆ ಹೆಸರುಗಳು ಅಲ್ಲಿ ಇಲ್ಲಿ ಸೋರಿಕೆಯಾಗಿರುತ್ತವೆ. ಪೇಪಾಲ್‌ನ ಒಂದು ಫೈಲಿನಲ್ಲಿ ಅಂಥ ಹೆಸರುಗಳು ಕಂಡವು. ಅದೇ ಹೆಸರಿನಲ್ಲಿ ಸಾರ್ವಜನಿಕ ಭಂಡಾರದಲ್ಲಿ ತನ್ನದೊಂದು ಪ್ಯಾಕೇಜ್ ಹಾಕಿ, ಆವೃತ್ತಿ ಸಂಖ್ಯೆಯನ್ನು ದೊಡ್ಡದಾಗಿ ಬರೆದರೆ? ಒಳಗೂ ಹೊರಗೂ ಎರಡೂ ಕಡೆ ನೋಡುವ ಸಾಧನಗಳು, ಹೊರಗಿನದೇ ಹೊಸದು ಅಂತ ತಿಳಿದು ಅದನ್ನೇ ಎತ್ತಿಕೊಂಡವು. ಆ್ಯಪಲ್, ಮೈಕ್ರೋಸಾಫ್ಟ್, ಪೇಪಾಲ್, ಟೆಸ್ಲಾ ಸೇರಿ 35ಕ್ಕೂ ಹೆಚ್ಚು ಕಂಪನಿಗಳ ಒಳಗೆ ಅವನ ನಿರುಪದ್ರವಿ ಕೋಡ್ ಓಡಿತು. ಬಹುಮಾನವಾಗಿ ಅವನಿಗೆ ಸಿಕ್ಕಿದ್ದು 1,30,000 ಡಾಲರ್‌ಗೂ ಹೆಚ್ಚು. ಅವನು ಬೀಗ ಮುರಿಯಲಿಲ್ಲ, ಪಾಸ್‌ವರ್ಡ್ ಕದಿಯಲಿಲ್ಲ. ಹೆಸರು ಕೂಗಿದಾಗ ಓಗೊಟ್ಟ, ಅಷ್ಟೇ. ಮರುವರ್ಷ ಡಿಸೆಂಬರ್ 25ರಿಂದ 30ರವರೆಗೆ ಕೃತಕ ಬುದ್ಧಿಮತ್ತೆಯ ಕೆಲಸಕ್ಕೆ ಎಲ್ಲರೂ ಬಳಸುವ ಪೈಟಾರ್ಚ್‌ನ ದಿನನಿತ್ಯದ ಪರೀಕ್ಷಾ ಆವೃತ್ತಿಗೆ ಇದೇ ತಂತ್ರದಿಂದ ‘ಟಾರ್ಚ್‌ಟ್ರೈಟನ್’ ಹೆಸರಿನ ನಕಲಿ ನುಗ್ಗಿತು. ಅದು ನಿರುಪದ್ರವಿ ಆಗಿರಲಿಲ್ಲ.

ಹೆಸರಿನ ಮಾಲೀಕತ್ವದ ಜಗಳ ಬಂದರೆ ಯಾರ ಮಾತು ನಡೆಯುತ್ತೆ? ಅದಕ್ಕೆ 2016ರ ಮಾರ್ಚ್ 22ರ ಕಥೆ ನೋಡಿ. ಅಝೆರ್ ಕೊಚುಲು ಎಂಬ ಪ್ರೋಗ್ರಾಮರ್ ಎನ್‌ಪಿಎಂನಲ್ಲಿ ‘ಕಿಕ್’ ಹೆಸರಿನ ಪ್ಯಾಕೇಜ್ ಇಟ್ಟಿದ್ದ. ಅದೇ ಹೆಸರಿನ ಕೆನಡಾದ ಮೆಸೇಜಿಂಗ್ ಕಂಪನಿ, ಟ್ರೇಡ್‌ಮಾರ್ಕ್ ನಮ್ಮದು, ಬಿಟ್ಟುಕೊಡು ಅಂತು. ಅವನು ಒಪ್ಪಲಿಲ್ಲ. ಆಗ ಖಾಸಗಿ ಕಂಪನಿಯಾಗಿದ್ದ ಎನ್‌ಪಿಎಂ, ಹೆಸರನ್ನು ಕಂಪನಿಗೆ ಕೊಟ್ಟುಬಿಟ್ಟಿತು. ಸಿಟ್ಟಿಗೆದ್ದ ಕೊಚುಲು ತನ್ನ 273 ಪ್ಯಾಕೇಜುಗಳನ್ನೂ ಭಂಡಾರದಿಂದ ತೆಗೆದುಹಾಕಿದ. ಅದರಲ್ಲೊಂದು ‘ಲೆಫ್ಟ್-ಪ್ಯಾಡ್’. 11 ಸಾಲಿನ ಕೋಡ್. 7ನ್ನು 007 ಅಂತ ಬರೆಯಬೇಕಾದರೆ ಎಡಕ್ಕೆ ಸೊನ್ನೆ ಸೇರಿಸುವಂಥ ಕೆಲಸ. ಅದು ಕಾಣೆಯಾದದ್ದೇ, ಅದನ್ನು ನೇರವಾಗಿ ಕರೆಯದಿದ್ದರೂ ನೆಂಟರ ನೆಂಟರ ಮೂಲಕ ಕರೆಯುತ್ತಿದ್ದ ಬೇಬಲ್, ರಿಯಾಕ್ಟ್ ಥರದ ದೊಡ್ಡ ದೊಡ್ಡ ಯೋಜನೆಗಳ ಕಟ್ಟುವ ಕೆಲಸ ಜಗತ್ತಿನಾದ್ಯಂತ ನಿಂತುಹೋಯ್ತು. ಎರಡು ಗಂಟೆಯೊಳಗೆ ಎನ್‌ಪಿಎಂ, ಬರೆದವನ ಇಚ್ಛೆಗೆ ವಿರುದ್ಧವಾಗಿ, ಅದನ್ನು ವಾಪಸ್ ತಂದಿತು. ಆಮೇಲೆ, ಹಾಕಿ ಸ್ವಲ್ಪ ಕಾಲ ಕಳೆದ ಪ್ಯಾಕೇಜನ್ನು ಬರೆದವರೇ ಸುಲಭಕ್ಕೆ ತೆಗೆಯಲಾಗದಂತೆ ನಿಯಮ ಬದಲಾಯಿಸಿತು.

ಈ ಕಥೆಯನ್ನು ಟೆಕ್ ವಲಯದಲ್ಲಿ ಸಾಮಾನ್ಯವಾಗಿ ಹೇಳುವುದು ‘ಸಣ್ಣ ಪ್ಯಾಕೇಜುಗಳನ್ನು ನಂಬಬೇಡಿ’ ಅನ್ನೋ ಪಾಠಕ್ಕೆ. ನನಗೆ ಕಾಣುವುದು ಬೇರೆ. ಪುಕ್ಕಟೆ ದುಡಿದವನ ಕೋಡ್ ಜಗತ್ತಿಗೆ ಅನಿವಾರ್ಯ ಅಂತ ಗೊತ್ತಾದ ದಿನವೇ, ಅದರ ಮೇಲೆ ಅವನಿಗಿದ್ದ ಹಿಡಿತ ಹೋಯಿತು. ರೈತನ ಬೆಳೆ ಅಗತ್ಯವಸ್ತು ಕಾಯ್ದೆಯಡಿ ಬಂದ ಹಾಗೆ, ಆದರೆ ಬೆಂಬಲ ಬೆಲೆ ಮಾತ್ರ ಇಲ್ಲ.

ಒಂದು ಇಮೇಲ್, 260 ಕೋಟಿ ಡೌನ್‌ಲೋಡ್

2025ರ ಸೆಪ್ಟೆಂಬರ್ 8. ಎನ್‌ಪಿಎಂನ ಜನಪ್ರಿಯ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಒಬ್ಬ ಪ್ರೋಗ್ರಾಮರ್‌ಗೆ ಇಮೇಲ್ ಬಂತು. ನಿಮ್ಮ ಖಾತೆಯ ಎರಡು ಹಂತದ ಭದ್ರತೆ ಹಳೆಯದಾಗಿದೆ, ಸೆಪ್ಟೆಂಬರ್ 10ರೊಳಗೆ ನವೀಕರಿಸದಿದ್ದರೆ ಖಾತೆಗೆ ಬೀಗ ಬೀಳುತ್ತೆ ಅಂತ. ನಮ್ಮ ಅಪ್ಪ-ಅಮ್ಮಂದಿರಿಗೆ ‘ಕೆವೈಸಿ ಅಪ್‌ಡೇಟ್ ಮಾಡಿ, ಇಲ್ಲಾಂದ್ರೆ ಅಕೌಂಟ್ ಬ್ಲಾಕ್’ ಅಂತ ಬರುವ ಮೆಸೇಜಿನ ಜಾತಿಯದೇ. ಕಳಿಸಿದ ವಿಳಾಸದ ಕೊನೆಯಲ್ಲಿ ‘ಡಾಟ್ ಕಾಮ್’ ಬದಲು ‘ಡಾಟ್ ಹೆಲ್ಪ್’ ಇತ್ತು. ಅವರು ಕ್ಲಿಕ್ ಮಾಡಿದರು. ಅಷ್ಟರಲ್ಲಿ ‘ಚಾಕ್’, ‘ಡಿಬಗ್’ ಸೇರಿದಂತೆ 18 ಪ್ಯಾಕೇಜುಗಳಲ್ಲಿ ಕ್ರಿಪ್ಟೋ ಹಣ ದೋಚುವ ಕೋಡ್ ಬೆರೆತಿತ್ತು. ವಾರಕ್ಕೆ ಒಟ್ಟು ಸುಮಾರು 260 ಕೋಟಿ ಸಲ ಡೌನ್‌ಲೋಡ್ ಆಗುವ ಪ್ಯಾಕೇಜುಗಳವು. ಸುಮಾರು ಎರಡು ಗಂಟೆಯಲ್ಲಿ ಸಿಕ್ಕಿಬಿತ್ತು, ಕಳ್ಳರ ಕೈಗೆ ಸಿಕ್ಕಿದ್ದೂ ಪುಡಿಗಾಸು. ಇದು ಭದ್ರತೆಯ ಗೆಲುವಲ್ಲ, ಕಳ್ಳರ ದಡ್ಡತನ. ಅಷ್ಟು ಮನೆಗಳ ಕೀಲಿ ಸಿಕ್ಕಿದರೂ ಅವರು ಚಿಲ್ಲರೆ ಡಬ್ಬಿಗೆ ಮಾತ್ರ ಕೈ ಹಾಕಿದರು.

ಒಂದೇ ವಾರದಲ್ಲಿ ದಡ್ಡರಲ್ಲದವರು ಬಂದರು. ‘ಶಾಯಿ-ಹುಲುದ್’ ಅಂತ ಹೆಸರಾದ ಹುಳು, ಇನ್‌ಸ್ಟಾಲ್ ಆದ ಕೂಡಲೇ ಆ ಕಂಪ್ಯೂಟರಿನಲ್ಲಿರುವ ಗಿಟ್‌ಹಬ್, ಎನ್‌ಪಿಎಂ, ಅಮೆಜಾನ್ ಕ್ಲೌಡ್‌ನ ಗುಪ್ತ ಕೀಲಿಗಳನ್ನು ಹುಡುಕಿ, ಕದ್ದದ್ದನ್ನು ಗಿಟ್‌ಹಬ್‌ನಲ್ಲೇ ಬಹಿರಂಗವಾಗಿ ಹಾಕಿ, ಅದೇ ಕೀಲಿಯಿಂದ ಆ ವ್ಯಕ್ತಿಯ ಇತರ ಪ್ಯಾಕೇಜುಗಳೊಳಗೆ ತಾನೇ ಸೇರಿಕೊಂಡು ಮತ್ತೆ ಪ್ರಕಟವಾಗುತ್ತಿತ್ತು. ಮನುಷ್ಯರ ಸಹಾಯವೇ ಬೇಡ. 500ಕ್ಕೂ ಹೆಚ್ಚು ಪ್ಯಾಕೇಜುಗಳು ಹಾಳಾದವು ಅಂತ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಎಚ್ಚರಿಸಿತು. ನವೆಂಬರ್‌ನಲ್ಲಿ ಎರಡನೇ ಅಲೆಯೂ ಬಂತು.

ಈಗ ಇದಕ್ಕೆ ಎಐ ಸೇರಿಸಿ. ಚಾಟ್‌ಬಾಟ್‌ಗೆ ಕೋಡ್ ಬರೆದುಕೊಡು ಅಂದರೆ ಅದು ಸೊಗಸಾಗಿ ಬರೆಯುತ್ತೆ, ನಡುನಡುವೆ ಇಲ್ಲದ ಪ್ಯಾಕೇಜಿನ ಹೆಸರನ್ನೂ ಇದೆ ಅನ್ನುವ ಹಾಗೆ ಹೇಳಿಬಿಡುತ್ತೆ. ಅಮೆರಿಕದ ಮೂರು ವಿಶ್ವವಿದ್ಯಾಲಯಗಳ ಸಂಶೋಧಕರು 16 ಮಾದರಿಗಳಿಂದ 5.76 ಲಕ್ಷ ಕೋಡ್ ತುಣುಕುಗಳನ್ನು ಬರೆಸಿ ನೋಡಿದಾಗ, ಸೂಚಿಸಿದ ಪ್ಯಾಕೇಜುಗಳಲ್ಲಿ ಶೇ.19.7ರಷ್ಟು ಅಸ್ತಿತ್ವದಲ್ಲೇ ಇರಲಿಲ್ಲ. ದುಡ್ಡು ಕೊಟ್ಟು ಬಳಸುವ ಮಾದರಿಗಳಲ್ಲಿ ಇದು ಶೇ.5ರ ಆಸುಪಾಸು, ಮುಕ್ತ ಮಾದರಿಗಳಲ್ಲಿ ಶೇ.21ಕ್ಕೂ ಮೇಲೆ. ಆತಂಕದ ಸಂಗತಿ ಏನಂದ್ರೆ, ಒಂದೇ ಪ್ರಶ್ನೆಗೆ ಅದೇ ಸುಳ್ಳು ಹೆಸರು ಪದೇ ಪದೇ ಬರುತ್ತೆ. ಅಂದರೆ ಊಹಿಸಬಹುದು. ಊಹಿಸಬಹುದಾದರೆ ಆ ಹೆಸರನ್ನು ಮೊದಲೇ ನೋಂದಾಯಿಸಿ ಕಾಯಬಹುದು. ಬಡ ವಿದ್ಯಾರ್ಥಿ ಪುಕ್ಕಟೆ ಮಾದರಿ ಬಳಸುತ್ತಾನೆ, ಅವನಿಗೇ ಅಪಾಯ ಹೆಚ್ಚು. ಇದೂ ಒಂದು ವರ್ಗದ ಪ್ರಶ್ನೆಯೇ.

ಪೈಥಾನ್ ಫೌಂಡೇಶನ್‌ನ 14 ಜನ ಎದುರಿಸುತ್ತಿರುವುದು ಇದನ್ನು. ಅದೇ ವರ್ಷದ ಆಗಸ್ಟ್‌ನಲ್ಲಿ ಜಗತ್ತಿನ ನಾನಾ ಊರುಗಳ ಪೈಥಾನ್ ಕೂಟಗಳಿಗೆ ಕೊಡುತ್ತಿದ್ದ ಸಹಾಯಧನವನ್ನು ದುಡ್ಡು ಮುಗಿದದ್ದಕ್ಕೆ ಅವರು ನಿಲ್ಲಿಸಿದ್ದರು. ಅಂಥ ಹೊತ್ತಿನಲ್ಲಿ 13 ಕೋಟಿ ಬೇಡ ಅಂದದ್ದು ಸಣ್ಣ ಮಾತಲ್ಲ. ಭದ್ರತೆ ಮುಖ್ಯ, ಡಿಇಐ ಆಮೇಲೆ ನೋಡಿಕೊಳ್ಳಬಹುದಿತ್ತು ಅಂತ ವಾದಿಸಿದವರಿದ್ದಾರೆ. ಆದರೆ ದುಡ್ಡು ತಗೊಂಡ ಮೇಲೆ ಯಾವ ಮಹಿಳಾ ಕಾರ್ಯಾಗಾರ, ಯಾವ ಕಪ್ಪುಜನರ ಕೂಟಕ್ಕೆ ಕೊಟ್ಟ ಸಹಾಯ ‘ಉಲ್ಲಂಘನೆ’ ಆಗುತ್ತೆ ಅಂತ ತೀರ್ಮಾನಿಸುವವರು ವಾಷಿಂಗ್ಟನ್‌ನಲ್ಲಿ ಕೂತಿರುತ್ತಾರೆ. ಖರ್ಚಾದ ದುಡ್ಡನ್ನು ವಾಪಸ್ ಕೇಳಿದ ದಿನ ಸಂಸ್ಥೆಯೇ ಮುಳುಗುತ್ತೆ, ಪೈಪಿಐ ಅದರ ಜೊತೆಗೆ. ಭದ್ರತೆಯ ಲೆಕ್ಕದಿಂದ ನೋಡಿದರೂ ನಿರಾಕರಣೆ ಸರಿಯೇ ಇತ್ತು ಅನ್ನೋದು ನನ್ನ ಅಭಿಪ್ರಾಯ.

ಕೀಲಿ ಯಾರ ಸೊಂಟದಲ್ಲಿ?

ಪೈಪಿಐ ಕೊನೇಪಕ್ಷ ಲಾಭರಹಿತ ಸಂಸ್ಥೆಯ ಕೈಲಿದೆ. ಎನ್‌ಪಿಎಂ ಅನ್ನು 2020ರಲ್ಲಿ ಗಿಟ್‌ಹಬ್ ಕೊಂಡಿತು, ಗಿಟ್‌ಹಬ್ಬನ್ನು 2018ರಲ್ಲೇ ಮೈಕ್ರೋಸಾಫ್ಟ್ ಕೊಂಡಿತ್ತು. ಗೋ ಭಾಷೆಯಲ್ಲಿ ಇಂಪೋರ್ಟ್ ಸಾಲಿನಲ್ಲೇ ವಿಳಾಸ ಇರುತ್ತೆ, ತಂದ ಕೋಡಿನ ಬೆರಳಚ್ಚನ್ನು ಸಾರ್ವಜನಿಕ ದಾಖಲೆಯೊಂದಿಗೆ ತಾಳೆ ನೋಡುವ ಒಳ್ಳೆಯ ಪದ್ಧತಿಯೂ ಇದೆ, ಆದರೆ ಆ ದಾಖಲೆ ನಡೆಸುವುದು ಗೂಗಲ್.

ಅದರಿಂದೇನು ತೊಂದರೆ ಅಂತೀರಾ? 2019ರಲ್ಲಿ ಅಮೆರಿಕದ ವ್ಯಾಪಾರ ನಿರ್ಬಂಧದ ಹೆಸರಿನಲ್ಲಿ ಇರಾನ್, ಸಿರಿಯಾ, ಕ್ರೈಮಿಯಾದ ಪ್ರೋಗ್ರಾಮರ್‌ಗಳಿಗೆ ಗಿಟ್‌ಹಬ್ ತಮ್ಮದೇ ಖಾಸಗಿ ಕೋಡ್ ಕೈಗೆ ಸಿಗದ ಹಾಗೆ ಮಾಡಿತು. ಇರಾನಿಗೆ ಅದು ತೆರೆದದ್ದು 2021ರ ಜನವರಿಯಲ್ಲಿ, ವಿಶೇಷ ಪರವಾನಗಿ ಪಡೆದ ಮೇಲೆ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧ ಬಿದ್ದ ಕೂಡಲೇ, ರಷ್ಯಾದ ರೋಸ್‌ನೆಫ್ಟ್ ಪಾಲು ಹೊಂದಿರುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಇಮೇಲ್, ಟೀಮ್ಸ್ ಸೇವೆ ನಿಲ್ಲಿಸಿತು. ಗುಜರಾತಿನ ವಾಡಿನಾರ್‌ನಲ್ಲಿ ದೊಡ್ಡ ತೈಲ ಶುದ್ಧೀಕರಣ ಘಟಕ ನಡೆಸುವ ಭಾರತೀಯ ಕಂಪನಿ ಅದು. ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಸೇವೆ ವಾಪಸ್ ಬಂತು. ಅದು ಮಾಡ್ಯೂಲಿನ ವಿಷಯ ಅಲ್ಲ ನಿಜ. ಆದರೆ ಸ್ವಿಚ್ ಇರುವ ಗೋಡೆ ಅದೇ.

ಹೊರಗಿನವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. 2014ರ ಡಿಸೆಂಬರ್‌ನಲ್ಲಿ ನಮ್ಮದೇ ದೂರಸಂಪರ್ಕ ಇಲಾಖೆ ಐಸಿಸ್ ಪ್ರಚಾರ ತಡೆಯುವ ಹೆಸರಿನಲ್ಲಿ 32 ಜಾಲತಾಣಗಳನ್ನು ನಿರ್ಬಂಧಿಸಿತು. ಅದರಲ್ಲಿ ಗಿಟ್‌ಹಬ್ಬೂ ಇತ್ತು. ಐಟಿ ರಾಜಧಾನಿ ಅಂತ ಬೆನ್ನು ತಟ್ಟಿಕೊಳ್ಳುವ ಬೆಂಗಳೂರು ಇರುವ ದೇಶದಲ್ಲಿ! ಕೆಲವು ದಿನಗಳಲ್ಲಿ ತೆರವಾಯಿತು. ಆ ಪಟ್ಟಿ ಸಿದ್ಧಪಡಿಸಿದವರಿಗೆ ತಾವು ಏನನ್ನು ಮುಚ್ಚುತ್ತಿದ್ದೇವೆ ಅಂತ ತಿಳಿದಿದ್ದಂತೆ ಕಾಣುವುದಿಲ್ಲ.

ಬರೆಯುವವರೂ ದೇವರಲ್ಲ. ಉಕ್ರೇನ್ ಯುದ್ಧ ಶುರುವಾದ ಮರು ತಿಂಗಳು, 2022ರ ಮಾರ್ಚ್‌ನಲ್ಲಿ, ‘ನೋಡ್-ಐಪಿಸಿ’ ಪ್ಯಾಕೇಜಿನ ಲೇಖಕ ಪ್ರತಿಭಟನೆಗೆಂದು, ರಷ್ಯಾ ಮತ್ತು ಬೆಲಾರಸ್‌ನಲ್ಲಿರುವ ಕಂಪ್ಯೂಟರುಗಳ ಫೈಲುಗಳನ್ನು ಅಳಿಸಿ ಅಲ್ಲಿ ಹೃದಯದ ಚಿಹ್ನೆ ಬರೆಯುವ ಕೋಡ್ ಸೇರಿಸಿದ. ಯುದ್ಧ ಬೇಡ ಅನ್ನೋದು ಒಳ್ಳೆಯ ರಾಜಕೀಯ. ಆದರೆ ಐಪಿ ವಿಳಾಸ ನೋಡಿ ಶಿಕ್ಷೆ ಕೊಡುವುದು ಪುಟಿನ್‌ಗೆ ತಾಗಲ್ಲ, ಪುಟಿನ್ ವಿರುದ್ಧ ಕೆಲಸ ಮಾಡುತ್ತಿರುವ ಅಲ್ಲಿನ ಕಾರ್ಯಕರ್ತರ ಕಂಪ್ಯೂಟರನ್ನೂ ಬಿಡಲ್ಲ.

ನಮ್ಮಲ್ಲಿ ಈಗ ‘ಡಿಜಿಟಲ್ ಸ್ವದೇಶಿ’ಯ ಗಾಳಿ ಇದೆ. ಕೇಂದ್ರ ಸರ್ಕಾರಿ ನೌಕರರ ಇಮೇಲ್ ಜೋಹೊ ನಡೆಸುವ ವ್ಯವಸ್ಥೆಗೆ ಹೋಯಿತು, ಮಂತ್ರಿಗಳು ಅದರ ಫೋಟೊ ಹಾಕಿದರು. ಒಳ್ಳೆಯದೇ ಇರಬಹುದು. ಆದರೆ ಆ್ಯಪ್ ಬರೆದ ಕಂಪನಿ ಚೆನ್ನೈಯದ್ದೋ ಸಿಯಾಟಲ್‌ದೋ ಅನ್ನುವುದರಿಂದ, ಒಳಗಿನ ಇಂಪೋರ್ಟ್ ಸಾಲುಗಳು ಯಾವ ಭಂಡಾರದ ಬಾಗಿಲು ತಟ್ಟುತ್ತವೆ ಅನ್ನುವುದು ಬದಲಾಗಲ್ಲ. ಇವತ್ತು ಬರೆಯುವ ಯಾವುದೇ ಸಾಫ್ಟ್‌ವೇರಿನಲ್ಲಿ ಇಂಥ ಭಂಡಾರಗಳಿಂದ ತಂದ ಕೋಡ್ ಇರುವ ಸಾಧ್ಯತೆಯೇ ಹೆಚ್ಚು. ರಾಷ್ಟ್ರಧ್ವಜ ಹಚ್ಚುವುದು ಡಬ್ಬಿಯ ಮೇಲೆ, ಕಾಳು ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ.

ಕೇಳುವ ಕೆಲಸ ಸ್ವಲ್ಪ ಶುರುವಾಗಿದೆ ಅನ್ನಬೇಕು. ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ 2024ರಲ್ಲಿ ಮತ್ತು 2025ರಲ್ಲಿ ಮಾರ್ಗಸೂಚಿ ತಂದು, ಸಾಫ್ಟ್‌ವೇರಿನೊಳಗೆ ಏನೇನು ಬೆರೆತಿದೆ ಅನ್ನುವ ಪಟ್ಟಿ ಇಡಬೇಕು ಅಂತ ಹೇಳಿದೆ. ಷೇರುಪೇಟೆಯ ಸಂಸ್ಥೆಗಳಿಗೆ ಸೆಬಿ 2024ರ ಆಗಸ್ಟ್‌ನ ತನ್ನ ಸೈಬರ್ ಚೌಕಟ್ಟಿನಲ್ಲಿ ಇದನ್ನು ಸೇರಿಸಿತು. ಬಿಸ್ಕೆಟ್ ಪ್ಯಾಕಿನ ಹಿಂದೆ ಗೋಧಿ, ಸಕ್ಕರೆ, ಪಾಮ್ ಎಣ್ಣೆ ಅಂತ ಬರೆದಿರುತ್ತಲ್ಲ, ಹಾಗೆ. ಪಟ್ಟಿಯಲ್ಲಿ ಸರಬರಾಜುದಾರರು ಯಾರು ಅಂತ ಬರೆಯಲು ಒಂದು ಕಾಲಂ ಇದೆ. ಎಷ್ಟೋ ಸಾಲುಗಳಲ್ಲಿ ಅಲ್ಲಿ ಬರೆಯಬೇಕಾಗುವುದು ಕಂಪನಿಯ ಹೆಸರಲ್ಲ, ಸಂಜೆ ಕೆಲಸದಿಂದ ಮನೆಗೆ ಬಂದ ಮೇಲೆ ಕೂತು ಕೋಡ್ ನೋಡಿಕೊಳ್ಳುವ ಒಬ್ಬ ವ್ಯಕ್ತಿಯ ಹೆಸರು. ಅವರ ಜೊತೆ ಯಾರದ್ದೂ ಒಪ್ಪಂದವಿಲ್ಲ, ಅವರಿಗೆ ಯಾರೂ ದುಡ್ಡು ಕೊಟ್ಟಿಲ್ಲ. ಪಟ್ಟಿ ಮಾಡಿ ಅನ್ನುವ ಸರ್ಕಾರ, ಪಟ್ಟಿಯ ತುದಿಯಲ್ಲಿರುವವರಿಗೆ ಏನು ಕೊಡುತ್ತೆ ಅಂತ ಮಾತ್ರ ಹೇಳುವುದಿಲ್ಲ.

ಜರ್ಮನಿ 2022ರಿಂದ ಸರ್ಕಾರಿ ದುಡ್ಡಿನಲ್ಲೇ ಇಂಥ ಮೂಲಸೌಕರ್ಯಕ್ಕೆ ನಿಧಿ ನಡೆಸುತ್ತಿದೆ. ಇಲ್ಲಿ ಆ ಕೆಲಸಕ್ಕೆ ಕೈ ಹಾಕಿದ್ದು ಬೆಂಗಳೂರಿನ ಖಾಸಗಿ ಕಂಪನಿ ಜೆರೋಧಾ. ಮುಕ್ತ ಸಾಫ್ಟ್‌ವೇರ್ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿಯನ್ನು 2024ರ ಅಕ್ಟೋಬರ್‌ನಲ್ಲಿ ಅದು ಘೋಷಿಸಿತು. ಒಂದು ಷೇರು ದಲ್ಲಾಳಿ ಕಂಪನಿಗೆ ಹೊಳೆದದ್ದು, ಅದೇ ಊರಿನಲ್ಲಿ ಪ್ರತಿವರ್ಷ ಟೆಕ್ ಶೃಂಗಸಭೆ ನಡೆಸುವ ರಾಜ್ಯ ಸರ್ಕಾರಕ್ಕೆ ಹೊಳೆಯಬಾರದೇಕೆ? ಜನರ ತೆರಿಗೆಯಲ್ಲಿ ನಡೆಯುವ ಪೋರ್ಟಲ್‌ಗಳು ಬಳಸುವ ಪ್ಯಾಕೇಜುಗಳ ಪರೀಕ್ಷಿಸಿದ ಪ್ರತಿಯನ್ನು ರಾಜ್ಯದೊಳಗೇ ಇಟ್ಟುಕೊಳ್ಳುವುದು, ಅವುಗಳನ್ನು ನೋಡಿಕೊಳ್ಳುವವರಿಗೆ ಟೆಂಡರ್ ಮೊತ್ತದ ಒಂದಿಷ್ಟು ಪಾಲು ಹೋಗುವ ಹಾಗೆ ಮಾಡುವುದು, ಎರಡೂ ಅಸಾಧ್ಯವಾದ ಕೆಲಸಗಳಲ್ಲ. ಮೊದಲನೆಯದನ್ನು ದೊಡ್ಡ ಕಂಪನಿಗಳು ಈಗಾಗಲೇ ಮಾಡುತ್ತಿವೆ. ಈ ದೇಶದ ಮೊದಲ ‘ಪೈಕಾನ್ ಇಂಡಿಯಾ’ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 2009ರಲ್ಲಿ. ತಿಳಿದವರಿಗೆ ಇಲ್ಲಿ ಬರವಿಲ್ಲ.

ಅತ್ತ ಅಮೆರಿಕದಲ್ಲಿ ಪೈಥಾನ್ ಫೌಂಡೇಶನ್ ಅನುದಾನ ನಿರಾಕರಿಸಿದ ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ ನೂರಾರು ಮಂದಿ ಹೊಸದಾಗಿ ಸದಸ್ಯರಾದರು. ಬಂದ ದೇಣಿಗೆ ಒಂದೂವರೆ ಲಕ್ಷ ಡಾಲರ್ ದಾಟಿತು. ಬಿಟ್ಟುಕೊಟ್ಟ ಮೊತ್ತದ ಹತ್ತರಲ್ಲಿ ಒಂದು ಪಾಲು.